ಸೂಜಿಯ ಲೆಕ್ಕ

ಉದಗೀರ ರಸ್ತೆಯ ನನ್ನ ಗ್ಯಾರೇಜಿಗೆ
ದನದ ಡಾಕ್ಟರು ಇಂದುಮತಿ ಹಾಲಹಳ್ಳಿ
ಎರಡೇ ಸೀಟಿನ ಕಾರು ಎಳೆಸಿಕೊಂಡು ಬಂದರು,
ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿ, ಹೋರಿ ತಂದಂತೆ.
ಅರವತ್ತೆಂಟರ ಮಾಡೆಲ್ಲು. ಒಂದು ಕಾಲಕ್ಕೆ ಕೆಂಪು.
ಬಾನೆಟ್ಟು ಎತ್ತಿದರೆ ಜೋಡಿ ಕಾರ್ಬ್ಯುರೇಟರು,
ಹಿತ್ತಾಳೆ ಟೋಪಿಯ ಅವಳಿ ಮುದುಕರು,
ಒಬ್ಬ ಕೆಮ್ಮಿದರೆ ಇನ್ನೊಬ್ಬನಿಗೂ ಕೆಮ್ಮು.

"ಧೂಳಪ್ಪ, ಇವು ಇರ್ಲೇನು, ತೆಗಸ್ಲೇನು?
ಇಂಜೆಕ್ಷನ್ ಹಾಕಸ್ರಿ ಅಂತಾರ ಎಲ್ಲಾರೂ.
ಮೂವತ್ತು ವರ್ಷ ಇಂಜೆಕ್ಷನ್ ಕೊಟ್ಟಾಕಿ ನಾ,
ನನ್ನ ಗಾಡಿಗೆ ಮಾತ್ರ ಕೈ ಬರಲ್ದು."

ನಾನು ಪಾಠ ಒಪ್ಪಿಸಿದೆ:
ನೋಡ್ರಿ, ಇದರಾಗ ಯಾರೂ ಪೆಟ್ರೋಲು ದಬ್ಬಂಗಿಲ್ಲ.
ಇಂಜಿನ್ನು ಉಸಿರು ಎಳಕೊಂತದ, ಗಾಳಿ ಓಡತದ,
ಗಾಳಿ ಬೆನ್ನು ಹತ್ತಿ ಪೆಟ್ರೋಲು ತಾನೇ ಏಳತದ.
ನಮ್ಮ ನೌಬಾದದ ಸುರಂಗ ಬಾವಿ ಇದ್ದಂಗ,
ಮೋಟಾರಿಲ್ಲ, ಬರೀ ಇಳಿಜಾರು.
ಕರೆದಲ್ಲಿಗೆ ನೀರು.

ಕಾರಿನ ಅಡಿಯಿಂದ ತಸ್ಲೀಮಾಳ ದನಿ:
"ಉಸ್ತಾದ್, ಆ ಸುರಂಗದಾಗ ಹೂಳು ತುಂಬಿ ಎಷ್ಟು ವರ್ಷಾತು?"

ಐ.ಟಿ.ಐ. ಕಲಿತವಳು. ಅವಳ ಹತ್ತಿರವೂ ಲೆಕ್ಕವಿದೆ.
ಈಗಿನ ಪೆಟ್ರೋಲಿನಾಗ ಐದಕ್ಕೊಂದು ಪಾಲು ಕಬ್ಬಿನ ರಸ,
ಹಳೇ ಸೂಜಿಗೆ ಅದು ಗೊತ್ತಿಲ್ಲ,
ಸೆನ್ಸಾರು ಹೊಗೆ ಮೂಸಿ ಹೇಳುತ್ತದೆ.
ಒಪ್ಪಿದೆ. ಒಪ್ಪಿಯೂ ಆ ರಾತ್ರಿ
ಡ್ರಿಲ್ಲಿನ ಬಾಯಿಗೆ ಸೂಜಿ ಕೊಟ್ಟು
ನೀರುಕಾಗದ ಹಿಡಿದು ಉಜ್ಜಿದೆ.
ಒಂದು ಕೂದಲು, ಅದರಲ್ಲಿ ಹತ್ತು ಸೀಳು,
ಅದರಲ್ಲೊಂದು ಸೀಳಿನಷ್ಟು ಸಣ್ಣಗೆ.
ಕಬ್ಬಿಗೆಂದೇ ಒಂದಿಷ್ಟು ದಾರಿ.

ಮುಂಜಾನೆ ಚೋಕು ಎಳೆದು, ಬೇಡಿಕೊಂಡು,
ಒಮ್ಮೆ ಬೈದು, ಶುರು ಮಾಡಿದೆ.
ಎರಡೂ ಸಮ ಉಸಿರಾಡುತ್ತವೋ ಇಲ್ಲವೋ
ನಾವು ರಬ್ಬರ್ ನಳಿಗೆ ಹಚ್ಚಿ ಕೇಳುವುದು.
ಡಾಕ್ಟರು ಚೀಲದಿಂದ ಸ್ಟೆತಾಸ್ಕೋಪು ತೆಗೆದರು.
ಎಡಕ್ಕೆ ಇಟ್ಟರು. ಬಲಕ್ಕೆ ಇಟ್ಟರು.
ಕಣ್ಣು ಮುಚ್ಚಿ, ಗಬ್ಬದ ಎಮ್ಮೆ ನೋಡುವವರ ಹಾಗೆ.
"ಎರಡೂ ಒಂದೇ ಸಮ."

ಒಂದೇ ಸಮ ಇರಲಿಲ್ಲ.
ಎಡದ್ದು ಪೀಪಿ ಊದುತ್ತಿತ್ತು,
ಬೀದಿಗೆ ಕೇಳುವಷ್ಟು.
ಸ್ಕ್ರೂ ಕಾಲು ಸುತ್ತು ತಿರುಗಿಸಿದೆ. ಈಗ?
"ಒಂದೇ ಸಮ."
ಬೇಕೆಂದೇ ಕೆಡಿಸಿದೆ. ಈಗ?

ಅವರು ಸ್ಟೆತಾಸ್ಕೋಪು ಕೊರಳಿಗೆ ಇಳಿಸಿ
ನನ್ನ ಮುಖ ನೋಡಿದರು, ಸಿಕ್ಕಿಬಿದ್ದವರು ನಗುವಂತೆ ನಕ್ಕರು.
"ಕಿವಿ ಮಂದಾಗಿ ಮೂರು ವರ್ಷಾತು ಧೂಳಪ್ಪ.
ಎಮ್ಮಿಗೋಳಿಗಿ ಹೇಳಿಲ್ಲ."
ಆಮೇಲೆ ಚೀಟಿ ಬರೆಯುವ ದನಿಯಲ್ಲಿ:
"ಇವು ಕೇಳೋ ಮಂದಿಗಿ. ನನಗ ಆ ಹುಡುಗಿ ಹೇಳೋದು ಹಾಕು."

ಹನ್ನೊಂದು ದಿನ ತಸ್ಲೀಮಾ
ಪಂಪು, ಪೈಪು, ಬಿದಿರಿನ ಬುಟ್ಟಿ ತುಂಬ ತಂತಿ.
ನಾನು ಬ್ಯಾಟರಿ ಹಿಡಿದು ನಿಂತೆ.
ಆ ಗ್ಯಾರೇಜಿನಲ್ಲಿ ಬ್ಯಾಟರಿ ಹಿಡಿಯುವುದು
ಯಾವಾಗಲೂ ಹೊಸಬರ ಕೆಲಸ.
ಹನ್ನೆರಡನೆಯ ದಿನ, ಚಳಿಗೆ ಬೀದರ ಕೋಟೆಯೇ
ಮುಸುಕು ಹೊದ್ದ ಮುಂಜಾನೆ, ಕೀಲಿ ತಿರುಗಿಸಿದಳು.
ಅಷ್ಟೇ. ಹತ್ತಿತು.
ಕೆಮ್ಮಿಲ್ಲ, ಬೇಡಿಕೆಯಿಲ್ಲ, ಬೈಗುಳವಿಲ್ಲ.
ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ.
ಡಾಕ್ಟರು ಸ್ಟೀರಿಂಗಿನ ಮೇಲೆ ಅಂಗೈ ಇಟ್ಟು
ನಡುಕದಲ್ಲೇ ಅದನ್ನು ಕೇಳಿಸಿಕೊಂಡರು.
ತಸ್ಲೀಮಾ ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಕೊಟ್ಟಳು:
ಒಳಗೆ ಟಿಕ್ ಟಿಕ್ ಟಿಕ್,
ಯಾರೋ ನಿದ್ದೆಗೆಟ್ಟು ಬಟ್ಟೆ ಹೊಲಿಯುತ್ತಿದ್ದರು.

ಹಳೇ ಸಾಮಾನಿನಲ್ಲಿ ಅವರು ಒಂದು ಒಯ್ದರು,
ಮೇಜಿನ ಮೇಲೆ ಕಾಗದಕ್ಕೆ ಭಾರ ಇಡಲು.
ಒಂದು ಬಿಟ್ಟು ಹೋದರು. ಜೋಡಿ ಅಗಲಿಸಬಾರದು
ಎಂದು ಹೇಳಬೇಕೆಂದಿದ್ದೆ, ಗಾಡಿ ತಿರುವು ದಾಟಿತ್ತು.

ಶಟರು ಇಳಿಸುವ ಮುಂಚೆ
ಕಿರುಬೆರಳಿನಿಂದ ಒಳಗಿನ ಪಿಸ್ಟನ್ನು ಎತ್ತುತ್ತೇನೆ, ಬಿಡುತ್ತೇನೆ.
ಎಣ್ಣೆಯಲ್ಲಿ ಅವಸರವಿಲ್ಲದೆ ಇಳಿದು
ಕೂರುತ್ತದೆ. ಠಕ್.
ಸೂಜಿ ಸರಿಯಾಗಿದೆ ಎಂದರ್ಥ.
"ಉಸ್ತಾದ್, ಬೀಗಾ!" ಸ್ಕೂಟಿಯ ಮೇಲಿಂದ ತಸ್ಲೀಮಾ.
ಇನ್ನೊಂದು ಸಲ ಎತ್ತುತ್ತೇನೆ.