ತಿರುವು

ಈ ವಾರದ ಎಂಟು ಪದಗಳಲ್ಲಿ ಏಳಕ್ಕೆ ಏನಾದರೂ ಸಿಕ್ಕಿತ್ತು.
ಹಿಮನದಿಗೆ ಫೋಟೋ, ಆವಿಗೆ ಕೆಟಲಿನ ಮೂತಿ,
ಒರಟು ಎಂಬುದಕ್ಕೆ ಒಂದು ತುಂಡು ಉಪ್ಪುಕಾಗದ.
ಐದನೇ ತರಗತಿಯ ಇಪ್ಪತ್ತಾರು ಹೆಬ್ಬೆರಳು ಅದನ್ನು ಸವೆಸಿದವು.
‘ಹೌವೆವರ್’ಗೆ ಮಾತ್ರ ಏನೂ ಇಲ್ಲ.

ಅದು ‘ಬಟ್’ನ ಅಕ್ಕ ಕಣ್ರೋ, ಅಂದೆ,
ಇಸ್ತ್ರಿ ಬಟ್ಟೆ ತೊಟ್ಟು ಪುಸ್ತಕದೊಳಗೆ ಬರುತ್ತಾಳೆ.
ಲಿಬಾನ್ ನಕ್ಕ. ಉಳಿದವರು ಕಿಟಕಿಯಾಚೆ
ಸೇಂಟ್ ಪಾಲ್‌ನ ಫೆಬ್ರವರಿಯನ್ನು ನೋಡಿದರು.
ಹಿಮ ಬಾಚುವ ಲಾರಿ ಹಿಂದಕ್ಕೆ ಬರುತ್ತ ಬೀಪ್ ಬೀಪ್ ಎನ್ನುತ್ತಿತ್ತು.

ಕೊನೆಗೆ ಕೈಯನ್ನೇ ರಸ್ತೆ ಮಾಡಿದೆ.
ನೆಟ್ಟಗೆ ಹೋಗುವ ಅಂಗೈ,
ಪದ ಬಂದೊಡನೆ ಸರಕ್ಕನೆ ಎಡಕ್ಕೆ.
ಬಿಸಿಲಿದೆ; ಹೌವೆವರ್, ಚಳಿ.
ಬಸ್ಸು ಬಂತು; ಹೌವೆವರ್, ನಮ್ಮದಲ್ಲ.
ಮು ಪಾ ತುಟಿ ಬಿಚ್ಚಲಿಲ್ಲ. ಕೈ ಮಾತ್ರ ಹೊರಳಿತು.

ಗುರುವಾರ ಅವಳು ಬರಲಿಲ್ಲ, ಅಮ್ಮನ ಜೊತೆ ಕ್ಲಿನಿಕ್ಕಿಗೆ.
ಫೋನಿನ ದುಭಾಷಿಗೆ ಕಾದರೆ ಬರೀ ಪಿಯಾನೋ ಕೇಳಿಸಿತಂತೆ.
ಕರೇನ್ ಬಾರದ ಡಾಕ್ಟರ ಬಾಯಿಗೂ
ಇಂಗ್ಲಿಷ್ ಬಾರದ ಅಮ್ಮನ ಕಿವಿಗೂ ನಡುವೆ
ಹತ್ತು ವರ್ಷದ ಸೇತುವೆ,
ಹಳದಿ ಕೈಗವಸು ಬಿಚ್ಚದೆ ಕೂತಿದೆ.

ರಕ್ತ ಚೆನ್ನಾಗಿದೆ. ಹೇಳಿದಳು.
ಸಕ್ಕರೆ ಚೆನ್ನಾಗಿದೆ. ಹೇಳಿದಳು.
ಕಿಡ್ನಿಗೆ ಮಾತು ಸಿಗದೆ ಅಮ್ಮನ ಬೆನ್ನ ಕೆಳಗೆ
ಎರಡು ಕಡೆ ಮುಟ್ಟಿ ತೋರಿಸಿದಳು.
ಆಮೇಲೆ ಡಾಕ್ಟರು, ಹೌವೆವರ್ —

ಹಳದಿ ಕೈಗವಸು
ತಾನಾಗಿ ಎದ್ದು ಎಡಕ್ಕೆ ಹೊರಳಿತು.
ಅಮ್ಮ ಅದನ್ನು ನೋಡಿದಳು.
ಡಾಕ್ಟರು ಪರದೆಯತ್ತ ತಿರುಗಿ ಏನೋ ಹುಡುಕುವಷ್ಟು ಹೊತ್ತು
ಆ ತಿರುವಿನಲ್ಲಿ ಅವರಿಬ್ಬರೇ ನಿಂತಿದ್ದರು,
ಮುಂದಿನ ರಸ್ತೆ ಕಾಣದೆ.

ಉಪ್ಪು ಕಡಿಮೆ ಮಾಡಬೇಕು. ಅಷ್ಟೇ.

ಅಮ್ಮ ನಂಬಲೇ ಇಲ್ಲವಂತೆ.
ಬರೀ ಉಪ್ಪಿಗೆ ಯಾರಾದರೂ ಹಾಗೆ ಕೈ ತಿರುಗಿಸುತ್ತಾರೆಯೇ?
ಇನ್ನೊಮ್ಮೆ ಕೇಳು, ಸರಿಯಾಗಿ ಕೇಳು.

ಇದನ್ನೆಲ್ಲ ಅವಳು ಹೇಳಿದ್ದು ಶುಕ್ರವಾರ ಊಟದ ಸಾಲಿನಲ್ಲಿ,
ಅರ್ಧ ಪದಗಳಲ್ಲಿ, ಉಳಿದದ್ದು ಕೈಯಲ್ಲಿ.
ಮಧ್ಯಾಹ್ನ, ಕಾರ್ಡಿನ ಹಿಂದೆ, ಸ್ವಂತ ವಾಕ್ಯ ಬರೆಯಿರಿ ಎಂಬಲ್ಲಿ:
ನನ್ನ ಅಮ್ಮನಿಗೆ ಉಪ್ಪುಮೀನಿನ ಗೊಜ್ಜು ಇಷ್ಟ; ಹೌವೆವರ್.
ಅಲ್ಲಿಗೇ ಚುಕ್ಕೆ, ಕಾಗದ ತೂತಾಗುವಷ್ಟು ಒತ್ತಿ.

ಮುಗಿದಿಲ್ಲವಲ್ಲ ಇದು, ಅಂದೆ. ಆಮೇಲೆ?
ಆಮೇಲೆ ಏನಿಲ್ಲ ಮಿಸ್. ರಾತ್ರಿ ತಿಂದಳು.

ಕೆಂಪು ಪೆನ್ನಿನ ಮುಚ್ಚಳ ತೆಗೆದಾಗಿತ್ತು.
ಲಿಬಾನ್ ತನ್ನ ಕಾರ್ಡು ಚಾಚಿ ನಿಂತಿದ್ದ,
ಅವನ ಕಾಗುಣಿತ ತಿದ್ದಿದೆ.