ಆಟಕ್ಕುಂಟು

ಬುರ್ರಾ ಊರಿನ ಕೌನ್ಸಿಲ್ ಕಚೇರಿಯಲ್ಲಿ
ಸ್ಮಶಾನದ ವಹಿಯ ತೂಕ ಈಗ ಎರಡೇ ಎಂಬಿ.
ಸರ್ವರಿಲ್ಲ, ಕಾವಲಿಲ್ಲ, ಪಾಸ್‌ವರ್ಡೂ ಇಲ್ಲ;
ಒಂದೇ ಒಂದು ಫೈಲು, ಮೆರ್ಲ್ ಟ್ರೆನೌಡನ್
ನಿವೃತ್ತಳಾಗುವ ಮುಂಚೆ
ಹನ್ನೊಂದು ಚಳಿಗಾಲ ಕೂತು ತುಂಬಿದ್ದು.

"ನನಗೆ ಸ್ಪ್ರೆಡ್‌ಶೀಟಲ್ಲಿ ಬೇಕು" ಅಂದ ಹೊಸ ಮ್ಯಾನೇಜರು.
ನಕಲು ಮಾಡಿ ಅಂಟಿಸಬಹುದಿತ್ತು.
ಅಂಟಿಸಿದ್ದು ಅಂದಿಗೇ ನಿಂತುಬಿಡುತ್ತದೆ,
ಊರಲ್ಲಿ ಸಾಯುವವರು ನಿಲ್ಲುವುದಿಲ್ಲವಲ್ಲ.
ಹಾಗಾಗಿ ಕೊಂಡಿ ಹಾಕಲು ಕೂತೆ.

ಮೊದಲ ದಿನ ಜಾತಕ ಕೂಡಲಿಲ್ಲ:
ಡ್ರೈವರು ಮೂವತ್ತೆರಡು ಬಿಟ್ಟಿನದು, ಶೀಟು ಅರವತ್ತನಾಲ್ಕರದು.
ಮರುದಿನ ಫೈಲಿನ ದಾರಿ ತಪ್ಪು ಬರೆದೆ;
ಅದು ತಕರಾರೇ ತೆಗೆಯದೆ
ಆ ತಪ್ಪು ಹೆಸರಲ್ಲೇ ಖಾಲಿ ಫೈಲೊಂದನ್ನು ಹುಟ್ಟಿಸಿ
ಸೊನ್ನೆ ಗೋರಿ ತೋರಿಸಿತು.
ಐದು ನಿಮಿಷ, ಬುರ್ರಾದಲ್ಲಿ ಯಾರೂ ಸತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ, ಗಾಳಿಗೆ ಮಾಡಿನ ತಗಡು ಬಡಿಯುತ್ತಿರುವಾಗ
ಬಂದರು, ಸಾಲುಸಾಲಾಗಿ:
ತಾಮ್ರ ತೋಡಿದವರು, ಅವರ ಹೆಂಡಂದಿರು,
ಒಬ್ಬ ಕುದುರೆ ವೈದ್ಯ.
೦೦೭ನೇ ಗುಂಡಿ ಬರೀ ೭ ಆಗಿತ್ತು, ಸರಿಪಡಿಸಿದೆ.
೧೮೫೧ರ ತಾರೀಕುಗಳು ಮಾತ್ರ ತಾರೀಕಾಗಲು ಒಲ್ಲೆ ಅಂದವು.
ಈ ಶೀಟಿನ ಪಂಚಾಂಗ ಶುರುವಾಗುವುದೇ ೧೯೦೦ರಿಂದ;
ಅದರ ಹಿಂದಿನ ಸಾವು ಅದಕ್ಕೆ ಬರೀ ಅಕ್ಷರ.

ಕೊನೆಗೆ ಎರಡು ಮೊತ್ತ ಕೇಳಿದೆ.
ಗೋರಿ ೨೩೭೧.
ಹೆಸರು ೨೩೧೪.
ನನ್ನದೇ ತಪ್ಪೆಂದು ಸೂತ್ರ ಮತ್ತೆ ಬರೆದೆ. ಅಷ್ಟೇ.
ಐವತ್ತೇಳು ಕಡಿಮೆ.

ಮೆರ್ಲ್‌ಗೆ ಫೋನು ಹಚ್ಚಿದೆ.
"ಹಳ್ಳದ ದಂಡೆ ಕೊರೆದು ವಾಸವಿದ್ದರಲ್ಲ, ಅವರ ಕೂಸುಗಳು.
ಹೆಸರಿಡುವ ಮೊದಲೇ ಜ್ವರ ಬಂತು.
ಆ ಮನೆ ಖಾಲಿ ಬಿಟ್ಟೆ.
ಗೊತ್ತಿಲ್ಲ ಅಂತ ಬರೆದಿದ್ದರೆ
ಅದೇ ಹೆಸರಾಗಿಬಿಡುತ್ತಿತ್ತು."
ಆಮೇಲೆ ಅವಳ ಕೆಟಲು ಕೂಗಿತು.

ಕುಂಟೆಬಿಲ್ಲೆಗೆ ಅಕ್ಕಂದಿರು ನನ್ನನ್ನೂ ಸೇರಿಸಿಕೊಂಡು
ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತಿದ್ದರು.
ಗೆರೆ ತುಳಿದರೂ ಯಾರೂ ಔಟೆಂದು ಕೂಗುತ್ತಿರಲಿಲ್ಲ.
ಖಾಲಿ ಮನೆಯಿಂದ ಖಾಲಿ ಮನೆಗೆ
ಕತ್ತಲಾಗುವವರೆಗೂ ಕುಂಟುತ್ತಿದ್ದೆ.

"ಎರಡು ಮೊತ್ತ ಯಾಕೆ ತಾಳೆಯಾಗಲ್ಲ?"
ಆಗಬಾರದು ಅಂದೆ.
ಅವನು ನನ್ನನ್ನೇ ನೋಡಿದ. ನಾನು ರಿಫ್ರೆಶ್ ಒತ್ತಿದೆ.
ನಿನ್ನೆ ಹೂತ ಬೇಕರಿಯ ಮುದುಕ ಎರಡೂ ಕಡೆ ಸೇರಿಕೊಂಡ:
೨೩೭೨, ೨೩೧೫.
ಐವತ್ತೇಳು ಅಲ್ಲೇ ಇತ್ತು.