ಅದಿರಲಿ

ವಿಭಾಗದ ಬೀರುವಿನ ಕೆಳಖಾನೆಯಲ್ಲಿ
ಇಪ್ಪತ್ತೆಂಟು ಕ್ಯಾಸೆಟ್ಟು.
ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡಿದೆ, ಮೇಲೆ ನನ್ನದೇ ಅಕ್ಷರ,
ಈಗಿನದಕ್ಕಿಂತ ಗುಂಡಗೆ, ಈಗಿನದಕ್ಕಿಂತ ಖಾತ್ರಿಯಾಗಿ:
‘ಹಲಸೂರು. ಪ್ಲೇಗಮ್ಮನ ಗುಡಿ. ಮುನಿತಾಯಮ್ಮ.’

ಅನುದಾನ ಬಂದಿದೆಯಂತೆ, ಎಲ್ಲ ಡಿಜಿಟಲ್ ಆಗಬೇಕಂತೆ.
‘ಒಂದ್ಸಲ ಕೇಳಿಬಿಡಿ ಮೇಡಂ’ ಎಂದ ತಿಪ್ಪೇಶ,
ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ಹೊತ್ತು ತಂದು.
ಕೇಳಿದೆ.

ಮೊದಲು ಕಾಗೆ. ಆಮೇಲೆ ಕುಕ್ಕರಿನ ಮೂರು ಕೂಗು.
ಕೆರೆಯ ಕಡೆ ತಿರುಗುವ ಬಸ್ಸು ಗೇರು ಬದಲಿಸಿದ ಸದ್ದು.
ಹೂ ಕಟ್ಟುವ ಬೆರಳಿಗೆ ಸದ್ದಿಲ್ಲ, ಆದರೂ
ಬಾಳೆನಾರು ಎಳೆದಾಗೊಮ್ಮೆ ಅವಳ ಮಾತು ಚೂರು ನಿಲ್ಲುತ್ತದೆ:
ಅಲ್ಲೊಂದು ಗಂಟು ಬಿತ್ತು ಅಂತ ಗೊತ್ತಾಗುತ್ತದೆ.

‘ನಿಮ್ಮ ಧರ್ಮ ಯಾವುದಮ್ಮ?’
‘ಮಂಗಳವಾರ.’

ಪ್ರಶ್ನಾವಳಿಯಲ್ಲಿ ಆರು ಚೌಕ, ಏಳನೆಯದು ‘ಇತರೆ’.
ಮಂಗಳವಾರಕ್ಕೆ ಜಾಗ ಮಾಡಿರಲಿಲ್ಲ ನಾವು.
‘ಮಂಗಳವಾರ ಈ ತಾಯಿ. ಗುರುವಾರ ವಿವೇಕನಗರದ ಬಾಲಯೇಸು,
ಕನಕಾಂಬರ ಎಷ್ಟು ಮೊಳ ಇದ್ರೂ ಅಲ್ಲಿ ಸಾಲಲ್ಲ.
ಶುಕ್ರವಾರ ದರ್ಗಾಕ್ಕೆ ಗುಲಾಬಿ.
ಶನಿವಾರ ಆಂಜನೇಯ ತುಳಸಿ ಕೇಳ್ತಾನೆ, ಅದ್ರಲ್ಲಿ ಗಿಟ್ಟಲ್ಲ.
ಭಾನುವಾರ ನನ್ನ ತಲೆಗೆ ನೀರು.’

ಇಷ್ಟು ಸಾಕಾಯಿತು. ಲೇಖನ ಬರೆದೆ.
‘ಸಮನ್ವಯ’ ಅನ್ನುವ ಪದ ಹದಿನಾಲ್ಕು ಸಲ,
ಗಿಟ್ಟುವ ಗಿಟ್ಟದ ಲೆಕ್ಕ ಒಂದು ಅಡಿಟಿಪ್ಪಣಿ.
ಹಿಮ ಬೀಳುವ ಯಾವುದೋ ಊರಿನ ಸಭಾಂಗಣದಲ್ಲಿ
ಕೋಟು ತೊಟ್ಟವರು ತಲೆದೂಗಿದರು.
ಬಡ್ತಿ ಸಿಕ್ಕಿತು. ಅವಳಿಗೊಂದು ಸೀರೆ ಕೊಡಬೇಕೆಂದುಕೊಂಡೆ,
ಅಂದುಕೊಂಡದ್ದಂತೂ ನಿಜ.

ಕ್ಯಾಸೆಟ್ಟು ಮಗುಚಿದೆ.

‘ಪ್ಲೇಗು ಬಂದಾಗ ಊರೆಲ್ಲ ಬಯಲಿಗೆ ಹೋಗಿ ಗುಡಿಸಲು ಹಾಕ್ಕೊಂಡ್ರಂತೆ.
ನಮ್ಮಜ್ಜಿ ಹೋಗ್ಲಿಲ್ಲ. ಕೂಸು ಆಗ್ಲೇ ತಣ್ಣಗಾಗಿತ್ತಂತೆ.
ತಾಯಿ ಮುಂದೆ ಅದನ್ನ ಮಲಗಿಸಿ ಏನಂದ್ಲು ಅಂದ್ರೆ...’

ಅಷ್ಟರಲ್ಲಿ ನನ್ನ ದನಿ.
ಇಪ್ಪತ್ತೇಳು ವರ್ಷದ್ದು, ಹೊಸ ಚಪ್ಪಲಿಯ ಹಾಗೆ ಕಿರಕಿರ:
‘ಅದಿರಲಿ ಅಮ್ಮ, ನಾನು ಕೇಳಿದ್ದು
ಇಲ್ಲಿ ಕೋಳಿ ಬಲಿ ಯಾವಾಗ ನಿಂತಿತು ಅಂತ.’

ನಾರು. ಗಂಟು.
‘ನಾನು ಮದುವೆ ಆಗಿ ಬಂದ ವರ್ಷ’ ಎಂದಳು.
ಆಮೇಲಿನದಕ್ಕೆಲ್ಲ ಚೊಕ್ಕವಾಗಿ ಉತ್ತರ ಕೊಟ್ಟಳು,
ಪರೀಕ್ಷೆಗೆ ಕೂತವಳ ಹಾಗೆ.

ಹಿಂದಕ್ಕೆ ತಿರುಗಿಸಿ ಕೇಳಿದೆ. ಮತ್ತೆ ತಿರುಗಿಸಿದೆ.
ಮೂರು ಸಲವೂ ನಾನೇ ಅಡ್ಡ ಬಂದೆ.

ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿದೆ, ನೇರಳೆ ಗೆರೆ, ಒಂದೇ ರೈಲು.
ಗುಡಿಗೆ ಈಗ ಬಚ್ಚಲಿಗೆ ಹಾಕುವಂಥ ಟೈಲ್ಸು,
ಕಪ್ಪು ಕಲ್ಲಿನ ಮೇಲೆ ದಾನಿಗಳ ಹೆಸರು, ದೇವಿಯದಕ್ಕಿಂತ ದಪ್ಪ.
ಮೊಮ್ಮಗಳು ಎದುರಿನ ಕೊರಿಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.
ಪೊಟ್ಟಣಕ್ಕೆ ಟೇಪು ಸುತ್ತುತ್ತ ಹೇಳಿದಳು:
‘ಪ್ಲೇಗಿನ ಮಾತು ಅಜ್ಜಿ ಮನೇಲಿ ಎತ್ತುತ್ತಿರಲಿಲ್ಲ.
ಒಂದೇ ಸಲ ಯಾರೋ ಕಾಲೇಜಿನವರ ಹತ್ರ ಹೇಳಿದ್ಲಂತೆ.
ಅವರು ಬರ್ಕೊಂಡಿರ್ತಾರೆ ಬಿಡಿ.’

ನಾನು ಯಾರೆಂದು ಹೇಳಲಿಲ್ಲ.
ವಿಳಾಸ ಕೇಳಿಕೊಂಡು ಬಂದವಳ ಹಾಗೆ
ಮೆಟ್ಟಿಲಿಳಿದೆ.

ಈ ವರ್ಷ ಎಂ.ಎ. ಮೊದಲ ತರಗತಿಗೆ ಪುಸ್ತಕ ಒಯ್ಯಲಿಲ್ಲ, ಟೇಪು ಒಯ್ದೆ.
ಹುಡುಗರು ವಾರಗಳನ್ನು ಬರೆದುಕೊಂಡರು, ತುಳಸಿಗೆ ನಕ್ಕರು,
ಕೂಸಿನ ಮಾತಿಗೆ ಪೆನ್ನು ನಿಂತವು.
ಹಿಂದಿನ ಬೆಂಚಿನಿಂದ ಅಸ್ಮತ್ ಕೈಯೆತ್ತಿದಳು:
‘ಮೇಡಂ, ನಡುವೆ ಬಾಯಿ ಹಾಕಿದ್ರಲ್ಲ, ಯಾರವರು?
ಚೂರು ಸುಮ್ಮನಿರಬಾರದಿತ್ತಾ?’

ಫ್ಯಾನು ತಿರುಗುತ್ತಿತ್ತು.
ತಿಪ್ಪೇಶ ಕಿಟಕಿಯಾಚೆಯ ನೀಲಗಿರಿ ಮರ ನೋಡತೊಡಗಿದ.
‘ಅದಿರಲಿ’ ಎಂದು ನಾಲಿಗೆಯ ತುದಿಗೆ ಬಂತು.

ಗುಂಡಿ ಒತ್ತಿ,
ಕಾಗೆಯಿಂದ ಮತ್ತೆ ಶುರು ಮಾಡಿದೆ.